ದುಡ್ಡು ನಮ್ಮದು, ಬೀಗ ಮಾತ್ರ ಅವರದು

"ಡಿಶ್ ಬದಲಾಯಿಸಿದ ಮೇಲೆ ಹಳೇ ರೆಕಾರ್ಡರ್ ಇಟ್ಕೊಂಡು ಏನ್ಮಾಡ್ತೀರಿ ಯಜಮಾನ್ರೇ, ಗುಜರಿಗೆ ಹಾಕ್ಬಿಡಿ." ಈ ಮಾತಿಗೆ ಚಿಕ್ಕಜಾಜೂರಿನಲ್ಲಿ ಈಗ ಯಾರೂ ಎದುರು ಮಾತಾಡುವುದಿಲ್ಲ. ಡಿಶ್ ಕೂರಿಸಲು ಬರುವ ಹುಡುಗ ಹೇಳುತ್ತಾನೆ, ರೀಚಾರ್ಜ್ ಅಂಗಡಿಯವರು ಹೇಳುತ್ತಾರೆ, ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಮಕ್ಕಳೂ ಹೇಳುತ್ತಾರೆ. ಹೇಳುವವರು ಬದಲಾದಂತೆ ಕಾರಣವೂ ಬದಲಾಗುತ್ತದೆ. ಹುಡುಗನ ಪ್ರಕಾರ ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೆ ಕೂಡುವುದೇ ಇಲ್ಲ. ಮಕ್ಕಳ ಪ್ರಕಾರ ಎಲ್ಲವೂ ಫೋನಿನಲ್ಲೇ ಸಿಗುತ್ತದೆ. ಸ್ವಲ್ಪ ಓದಿಕೊಂಡವರು ದನಿ ತಗ್ಗಿಸಿ, ಟಿವಿ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳುವುದೇ ಒಂಥರಾ ಕಳ್ಳತನವಲ್ಲವೇ ಎನ್ನುತ್ತಾರೆ. ಕಾರಣ ಏನೇ ಆಗಲಿ, ತೀರ್ಪು ಒಂದೇ: ಮನೆಯಲ್ಲಿರುವ ಯಂತ್ರ ಕಸ, ಅದರೊಳಗೆ ಇರುವುದೂ ಕಸ. ಈ ತೀರ್ಪು ತಪ್ಪು. ತಪ್ಪು ಎಂದು ಗೊತ್ತಿದ್ದೂ ಅದನ್ನು ನಮ್ಮ ತಲೆಗೆ ತುಂಬಿದವರು ಇದ್ದಾರೆ ಎಂಬುದು ನನ್ನ ತಕರಾರು.

ನಮ್ಮ ಊರಿಗೆ ರೆಕಾರ್ಡರ್ ಯಾಕೆ ಬೇಕು ಎನ್ನುವವರು ಮೊದಲು ಊರನ್ನು ನೋಡಬೇಕು. ಇದು ಜಂಕ್ಷನ್. ಬೀರೂರು–ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆಗೆ ಹಳಿ ಕವಲೊಡೆಯುವುದು ಇಲ್ಲೇ. ಪಾಯಿಂಟ್ಸ್‌ಮನ್, ಗೇಟ್‌ಮನ್, ಗ್ಯಾಂಗ್‌ಮನ್ ಮನೆಗಳಲ್ಲಿ ಸಂಜೆ ಏಳೂವರೆ ಎಂಬುದು ಎಲ್ಲರಿಗೂ ಒಂದೇ ಹೊತ್ತಲ್ಲ. ಒಬ್ಬರು ಊಟಕ್ಕೆ ಕೂರುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಡ್ಯೂಟಿಗೆ ಹೊರಡುತ್ತಾರೆ. ಊರಿನ ಉಳಿದರ್ಧ ಅಡಿಕೆಯದು. ಕೊಯ್ಲು ಶುರುವಾದರೆ ತೋಟದ ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಮನೆಯಂಗಳದಲ್ಲಿ ರಾತ್ರಿ ಹನ್ನೊಂದರವರೆಗೂ ಹಸಿ ಅಡಿಕೆ ಸುಲಿಯುತ್ತಾರೆ. ಸುಲಿಯುವ ಮೆಷಿನ್ ಬಂದಿದ್ದರೂ ಕೈಯಲ್ಲಿ ಸುಲಿಯುವ ಹೆಂಗಸರು ಇನ್ನೂ ಇದ್ದಾರೆ. ಧಾರಾವಾಹಿ ನೋಡುವವರೂ ಅವರೇ, ಅದು ಬರುವ ಹೊತ್ತಿಗೆ ಮನೆಯಲ್ಲಿ ಇಲ್ಲದವರೂ ಅವರೇ. ತ್ರೀಫೇಸ್ ಕರೆಂಟ್ ರಾತ್ರಿ ಕೊಟ್ಟ ದಿನ ತೋಟಕ್ಕೆ ನೀರು ಬಿಡಲು ಹೋದವನಿಗೆ ಪಂದ್ಯದ ಕೊನೆಯ ಓವರ್ ಕೈತಪ್ಪುತ್ತದೆ. ಇಂಥ ಊರಿಗೆ ರೆಕಾರ್ಡರ್ ಶೋಕಿಯ ವಸ್ತುವಲ್ಲ. ಪಟ್ಟಣದ ಆಫೀಸಿನವರ ಗಡಿಯಾರಕ್ಕೆ ಹೊಂದಿಸಿದ ಕಾರ್ಯಕ್ರಮಪಟ್ಟಿಯಿಂದ ತಪ್ಪಿಸಿಕೊಳ್ಳಲು ಇರುವ ದಾರಿ ಅದು.

ಫೋನಿನಲ್ಲಿ ಸಿಗುತ್ತದಲ್ಲ ಎನ್ನುತ್ತಾರೆ. ಸಿಗುತ್ತದೆ, ಇವತ್ತು. ಕಲರ್ಸ್ ಕನ್ನಡದ ಧಾರಾವಾಹಿಗಳ ಗತಿಯನ್ನೇ ನೋಡಿ. ಮೊದಲು ವೂಟ್ ಎಂಬ ಆ್ಯಪ್‌ನಲ್ಲಿದ್ದವು. 2023ರಲ್ಲಿ ಅದನ್ನು ಜಿಯೋಸಿನಿಮಾದಲ್ಲಿ ಸೇರಿಸಿದರು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾವನ್ನೂ ಹಾಟ್‌ಸ್ಟಾರನ್ನೂ ಕೂಡಿಸಿ ಜಿಯೋಹಾಟ್‌ಸ್ಟಾರ್ ಮಾಡಿದರು. ನೋಡುಗ ಕೂತಲ್ಲೇ ಇದ್ದಾನೆ, ಅವನ ಧಾರಾವಾಹಿ ಮಾತ್ರ ಮನೆ ಬದಲಿಸುತ್ತಲೇ ಇದೆ. ಜೀ ಕನ್ನಡದ್ದು ಬೇಕೆಂದರೆ ಜೀ5, ಉದಯದ್ದು ಬೇಕೆಂದರೆ ಸನ್ ನೆಕ್ಸ್ಟ್. ಒಂದೇ ಡಿಶ್ ತಂದುಕೊಡುತ್ತಿದ್ದ ಮೂರು ವಾಹಿನಿಗೆ ಮೂರು ಆ್ಯಪ್, ಮೂರು ಪಾಸ್‌ವರ್ಡ್. ಡೇಟಾ ಖರ್ಚು ಬೇರೆ. ಅದೂ ಅಜ್ಜಿಯ ಕೈಗೆ ಫೋನು ಬರುವುದು ಮೊಮ್ಮಗ ರೀಲ್ಸ್ ನೋಡಿ ಸಾಕಾದ ಮೇಲೆ. ಇಷ್ಟೆಲ್ಲ ಆಗಿಯೂ ಆ್ಯಪ್‌ನಲ್ಲಿ ಇರುವುದು ನೋಡಲು ಬಿಟ್ಟದ್ದೇ ಹೊರತು ಇಟ್ಟುಕೊಳ್ಳಲು ಕೊಟ್ಟದ್ದಲ್ಲ. ಹಕ್ಕಿನ ಅವಧಿ ಮುಗಿದರೆ ಹೇಳದೆ ಕೇಳದೆ ತೆಗೆಯುತ್ತಾರೆ. ಜಿಲ್ಲಾ ಸುದ್ದಿ, ಮಠದ ಕಾರ್ಯಕ್ರಮದ ನೇರಪ್ರಸಾರ, ಸ್ಥಳೀಯ ಸಂದರ್ಶನ ಇಂಥವು ಆ್ಯಪ್‌ಗೆ ಹೋಗುತ್ತವೆ ಎಂಬ ಖಾತ್ರಿಯೂ ಇಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ನಂತರ. ನಮ್ಮ ಜಿಲ್ಲೆಯವರಿಗೆ ಅದು ಎಂಥ ಸುದ್ದಿ ಎಂದು ಹೊರಗಿನವರಿಗೆ ಹೇಳಿ ತಿಳಿಸಲಾಗದು. ಬರದ ಜಿಲ್ಲೆ ಎಂದೇ ಹೆಸರಾದ ಕಡೆ ನೀರು ತುಂಬಿ ಹರಿಯುವುದನ್ನು ನೋಡಲು ಮುದುಕರು ಟೆಂಪೋ ಹತ್ತಿ ಹೋದರು. ಕಾಲು ನಡೆಯದವರು ಟಿವಿ ಮುಂದೆ ಕೂತರು. ನನಗೆ ಗೊತ್ತಿರುವ ನಿವೃತ್ತ ರೈಲ್ವೆ ನೌಕರರೊಬ್ಬರು ಆ ವಾರದ ಸುದ್ದಿಯನ್ನೆಲ್ಲ ತಮ್ಮ ರೆಕಾರ್ಡರ್ ಬಾಕ್ಸ್‌ನಲ್ಲಿ ಹಿಡಿದಿಟ್ಟರು. ಅವರ ತಾಯಿಯ ತವರು ಆ ಜಲಾಶಯದ ನಾಲೆಯ ಕೆಳಗಿನ ಹಳ್ಳಿ. ಎರಡು ವರ್ಷ ಬಂದವರಿಗೆಲ್ಲ ತೋರಿಸಿದರು. ಆಮೇಲೆ ಪ್ಯಾಕಿನ ದರ ಹೆಚ್ಚಾಯಿತೆಂದು ಬೇರೆ ಕಂಪನಿಯ ಡಿಶ್ ಹಾಕಿಸಿದರು. ಹಳೆಯದರ ರೀಚಾರ್ಜ್ ಮುಗಿದ ಮಾರನೆಯ ದಿನ ರೆಕಾರ್ಡಿಂಗ್ ಪಟ್ಟಿ ತೆರೆದರೆ ಹೆಸರುಗಳೆಲ್ಲ ಇವೆ, ದಿನಾಂಕ ಇದೆ, ಒತ್ತಿದರೆ ಮಾತ್ರ ರೀಚಾರ್ಜ್ ಮಾಡಿ ಎಂಬ ಸಂದೇಶ. ಹಾರ್ಡ್ ಡಿಸ್ಕ್ ಬಿಚ್ಚಿಸಿ ಚಿತ್ರದುರ್ಗದ ಕಂಪ್ಯೂಟರ್ ಅಂಗಡಿಗೆ ಒಯ್ದರು. ಕಂಪ್ಯೂಟರ್ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಫಾರ್ಮ್ಯಾಟ್ ಮಾಡಲೇ?

ಇಲ್ಲಿ ಆಗಿರುವುದೇನು ಎಂದು ಬಿಡಿಸಿ ನೋಡಬೇಕು. ಉಪಗ್ರಹದಿಂದ ಬರುವ ಸಂಕೇತವೇ ಡಿಜಿಟಲ್. ಕಂಪನಿ ಅದನ್ನು ಗೂಢಲಿಪಿಗೆ ಹಾಕಿ ಕಳಿಸುತ್ತದೆ. ಬಾಕ್ಸ್‌ನಲ್ಲಿರುವ ಕಾರ್ಡು ಅಥವಾ ಚಿಪ್ಪು ರೀಚಾರ್ಜ್ ಇರುವವರೆಗೆ ಬಿಡಿಸಿ ತೋರಿಸುತ್ತದೆ. ರೆಕಾರ್ಡರ್ ಮಾಡುವ ಕೆಲಸ ಬಲು ಸರಳ: ಬಂದ ಸಂಕೇತವನ್ನು ಹಾಗೆಯೇ ಡಿಸ್ಕಿಗೆ ಬರೆದುಕೊಳ್ಳುವುದು. ಬರೆಯುವಾಗ ಮತ್ತೆ ಅದೇ ಬಾಕ್ಸ್‌ಗೆ ಮಾತ್ರ ತಿಳಿಯುವ ಬೀಗ ಹಾಕುತ್ತಾರೆ. ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್ ಚುಚ್ಚಿ ರೆಕಾರ್ಡ್ ಮಾಡುವ ಬಾಕ್ಸ್‌ಗಳಲ್ಲೂ ಇದೇ ಏರ್ಪಾಡು. ಡಿಸ್ಕ್ ನಾವು ಅಂಗಡಿಯಲ್ಲಿ ಕೊಂಡದ್ದು, ಕರೆಂಟ್ ಬಿಲ್ ನಾವು ಕಟ್ಟಿದ್ದು, ವಾಹಿನಿಗೆ ತಿಂಗಳ ದುಡ್ಡು ಕೊಟ್ಟದ್ದೂ ಆಯಿತು. ಆದರೂ ಕಟ್ಟಿದ ತಿಂಗಳಲ್ಲಿ ಹಿಡಿದಿಟ್ಟದ್ದನ್ನು ನೋಡಲು ಕಟ್ಟದ ತಿಂಗಳಲ್ಲಿ ಅಪ್ಪಣೆಯಿಲ್ಲ.

ಇದು ತಾಂತ್ರಿಕ ಅನಿವಾರ್ಯ ಎಂದು ಯಾರಾದರೂ ಹೇಳಿದರೆ ನಮ್ಮ ಬೀದಿಯಲ್ಲೇ ಅದಕ್ಕೆ ಉತ್ತರ ಇದೆ. ದೂರದರ್ಶನ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರು ಮಾಡಿದ, ಈಗ ಡಿಡಿ ಫ್ರೀ ಡಿಶ್ ಎನ್ನುವ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ಅದಕ್ಕೆಂದು ಪೇಟೆಯಲ್ಲಿ ಸಿಗುವ ಸಾದಾ ಬಾಕ್ಸ್‌ಗಳು ಬಹಳಷ್ಟರಲ್ಲಿ ಯುಎಸ್‌ಬಿ ಕಿಂಡಿ ಇದೆ. ಪೆನ್‌ಡ್ರೈವ್ ಚುಚ್ಚಿ ರಿಮೋಟಿನ ಕೆಂಪು ಗುಂಡಿ ಒತ್ತಿದರೆ ಚಂದನದ 'ಥಟ್ ಅಂತ ಹೇಳಿ' ಫೈಲ್ ಆಗಿ ಕೂರುತ್ತದೆ. ಆ ಫೈಲನ್ನು ಕಂಪ್ಯೂಟರ್‌ನಲ್ಲೂ ನೋಡಬಹುದು, ಬಾಕ್ಸ್ ಕೆಟ್ಟ ಮೇಲೂ ನೋಡಬಹುದು. ಅದೇ ಡಿಶ್, ಅದೇ ಕೆಯು ಬ್ಯಾಂಡ್ ತರಂಗ, ಅದೇ ಬಗೆಯ ಡಿಸ್ಕ್. ಖಾಸಗಿ ಕನ್ನಡ ವಾಹಿನಿಗಳು ಅದರಲ್ಲಿ ವಿರಳ ಎಂಬ ಕೊರತೆ ಇದ್ದೇ ಇದೆ. ಆದರೆ ಕೊರತೆ ಇರುವುದು ವಾಹಿನಿಯಲ್ಲಿ, ಯಂತ್ರದಲ್ಲಲ್ಲ. ಹಾಗಿರುವಾಗ ಕೂಡುವುದಿಲ್ಲ ಎಂದರೆ ಕೂಡಿಸುವುದಿಲ್ಲ ಎಂದೇ ಅರ್ಥ.

ಮಾಳಿಗೆ ಹತ್ತಿ ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಫ್ರೀ ಡಿಶ್‌ನ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ, ಟಾಟಾ ಪ್ಲೇದು 83 ಡಿಗ್ರಿಯಲ್ಲಿ. ಎರಡೂ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿವೆ. ನಮ್ಮೂರಿನಿಂದ ಎರಡೂ ಆಗ್ನೇಯದ ಕಡೆಗೆ ಕಾಣುವಂಥವು. ಅದೇ ತಟ್ಟೆಯ ನಟ್ಟು ಸಡಿಲಿಸಿ ಒಂದಿಷ್ಟು ತಿರುಗಿಸಿ ಮೀಟರ್ ನೋಡಿಕೊಂಡು ಬಿಗಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಡಿಶ್ ಕೂರಿಸುವ ಹುಡುಗರು ಹಾಗೆ ಮಾಡುವುದಿಲ್ಲ. ಗೋಡೆಗೆ ಹೊಸ ತೂತು ಕೊರೆದು ಹೊಸ ತಟ್ಟೆಯನ್ನೇ ಕೂರಿಸುತ್ತಾರೆ, ಹಳೆಯದು ಅಲ್ಲೇ ತುಕ್ಕು ಹಿಡಿಯುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಕಮಿಷನ್ ಬರುವುದು ಹೊಸ ಸೆಟ್‌ಗೆ, ತಿರುಗಿಸಿದ ತಟ್ಟೆಗಲ್ಲ.

ಇನ್ನು ಕಾನೂನಿನ ಮಾತು. ಡಿಟಿಎಚ್‌ಗೆ, ಅಂದರೆ ಮನೆಗೆ ನೇರ ಬರುವ ಡಿಶ್ ಸೇವೆಗೆ, ಭಾರತ ಸರ್ಕಾರ ಲೈಸೆನ್ಸ್ ಕೊಡಲು ನಿಯಮ ಮಾಡಿದ್ದು 2001ರಲ್ಲಿ. ಬಾಕ್ಸ್ ಯಾವ ಕಂಪನಿಗೂ ಕಟ್ಟುಬೀಳದ ಮುಕ್ತ ವಿನ್ಯಾಸದ್ದಾಗಿರಬೇಕು, ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋದಾಗ ಅದೇ ಬಾಕ್ಸ್ ಕೆಲಸಕ್ಕೆ ಬರಬೇಕು ಎಂಬ ಷರತ್ತು ಆ ಲೈಸೆನ್ಸ್‌ನಲ್ಲೇ ಇದೆ. ದೇಶದಲ್ಲಿ ಮೊದಲ ಖಾಸಗಿ ಡಿಟಿಎಚ್ ಸೇವೆ ಶುರುವಾಗುವ ಮೊದಲೇ ಬರೆದಿಟ್ಟ ಷರತ್ತು ಅದು. ಕಂಪನಿಗಳು ಇದಕ್ಕೆ ಕಂಡುಕೊಂಡ ದಾರಿ ಚತುರವಾದದ್ದು: ಬಾಕ್ಸ್‌ಗೆ ಒಂದು ಕಿಂಡಿ ಇಡುವುದು, ಬೇರೆ ಕಂಪನಿಯ ಬೀಗದ ಕೈಯಿರುವ ಮಾಡ್ಯೂಲನ್ನು ಆ ಕಿಂಡಿಗೆ ಹಾಕಿಕೊಳ್ಳಿ ಎನ್ನುವುದು. ಆ ಮಾಡ್ಯೂಲ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ಇಲ್ಲ, ಇದ್ದರೂ ಅದರ ಬೆಲೆಗೆ ಹೊಸ ಬಾಕ್ಸೇ ಬರುತ್ತದೆ. ಷರತ್ತು ಪಾಲಿಸಿದಂತೆಯೂ ಆಯಿತು, ಗಿರಾಕಿ ಎಲ್ಲೂ ಹೋಗದಂತೆಯೂ ಆಯಿತು. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ನಾಟಕಕ್ಕೆ ತೆರೆ ಎಳೆಯಲು ನೋಡಿತು. ಯುಎಸ್‌ಬಿ ಮಾಡ್ಯೂಲ್ ಹಾಕಿದರೆ ಯಾವ ಬಾಕ್ಸ್ ಯಾವ ಕಂಪನಿಗಾದರೂ ಆಗುವಂಥ ಮಾನದಂಡವನ್ನು ಹೆಸರಿಸಿ, ಅದನ್ನು ಕಡ್ಡಾಯ ಮಾಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡಿತು. ನಮ್ಮ ಬಾಕ್ಸ್‌ಗಳಿಗೆ ಅದು ಇವತ್ತಿಗೂ ಬಂದಿಲ್ಲ.

ಫೋನಿನ ವಿಷಯದಲ್ಲಿ ಇಂಥ ನಿಯಮ ಬಂದೇ ಬಂತು: 2011ರ ಜನವರಿಯಿಂದ ನಂಬರ್ ಬದಲಾಯಿಸದೆ ಕಂಪನಿ ಬದಲಾಯಿಸಬಹುದು. ಅದಕ್ಕೆ ಮೊದಲು ಫೋನ್ ಕಂಪನಿಗಳೂ ಇದನ್ನೇ ಹೇಳುತ್ತಿದ್ದವು: ತಾಂತ್ರಿಕ ತೊಡಕು, ಖರ್ಚು, ಭದ್ರತೆ. ನಿಯಮ ಬಂದ ಮೇಲೆ ತೊಡಕೆಲ್ಲ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ರೆಕಾರ್ಡ್ ಮಾಡುವುದು ಕಳ್ಳತನ ಎಂಬ ಆರೋಪಕ್ಕೆ ಉತ್ತರ ನಮ್ಮ ಕಾನೂನಿನಲ್ಲೇ ಇದೆ, ಆದರೆ ಅದನ್ನು ಯಾರೂ ಓದಿ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ನೋಡಿ. ಪ್ರಸಾರವಾದದ್ದನ್ನು ತನ್ನ ಸ್ವಂತ ಬಳಕೆಗಾಗಿ ಧ್ವನಿ ಅಥವಾ ದೃಶ್ಯರೂಪದಲ್ಲಿ ಮುದ್ರಿಸಿಕೊಂಡರೆ ಪ್ರಸಾರ ಸಂಸ್ಥೆಯ ಹಕ್ಕಿಗೆ ಧಕ್ಕೆಯಾಗುವುದಿಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. ಪಾಠಕ್ಕೆ, ಸಂಶೋಧನೆಗೆ ಮುದ್ರಿಸಿಕೊಂಡರೂ ಅಷ್ಟೇ. 2012ರ ತಿದ್ದುಪಡಿಯಲ್ಲಿ 65ಎ ಎಂಬ ಕಲಂ ಸೇರಿ, ತಾಂತ್ರಿಕ ಬೀಗ ಒಡೆಯುವುದು ಅಪರಾಧವಾಯಿತು. ಅಲ್ಲೂ ಅಪರಾಧವಾಗುವುದು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಒಡೆದಾಗ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ರೆಕಾರ್ಡ್ ಮಾಡಿ ಸಿ.ಡಿ. ಹಾಕಿ ಸಂತೆಯಲ್ಲಿ ಮಾರಿದರೆ ಕಳ್ಳತನ, ಯೂಟ್ಯೂಬ್‌ಗೆ ಏರಿಸಿದರೂ ತಪ್ಪೇ. ರಾತ್ರಿ ಡ್ಯೂಟಿ ಮುಗಿಸಿ ಬಂದು ಬೆಳಗ್ಗೆ ಕಾಫಿ ಕುಡಿಯುತ್ತಾ ನೋಡುವುದು ಕಳ್ಳತನವಲ್ಲ. ಅಮೆರಿಕದಲ್ಲಿ ಈ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಸೋನಿಯ ಬೀಟಾಮ್ಯಾಕ್ಸ್ ಯಂತ್ರದ ಮೇಲೆ ಸಿನಿಮಾ ಕಂಪನಿಗಳು ಹೂಡಿದ ದಾವೆಯಲ್ಲಿ, 1984ರಲ್ಲಿ, ಐದು ನ್ಯಾಯಮೂರ್ತಿಗಳು ಒಂದು ಕಡೆ ನಾಲ್ವರು ಇನ್ನೊಂದು ಕಡೆ ನಿಂತು, ಮನೆಯಲ್ಲಿ ರೆಕಾರ್ಡ್ ಮಾಡಿ ಬಿಡುವಾದಾಗ ನೋಡುವುದು ನ್ಯಾಯವಾದ ಬಳಕೆ ಎಂದು ತೀರ್ಪಾಯಿತು. ವಿಸಿಆರ್ ಬಂದರೆ ಸಿನಿಮಾ ಉದ್ಯಮ ಮುಳುಗುತ್ತದೆ ಎಂದು ಎದೆ ಬಡಿದುಕೊಂಡಿದ್ದ ಕಂಪನಿಗಳೇ ಆಮೇಲೆ ಕ್ಯಾಸೆಟ್ ಮಾರಿ ದುಡ್ಡು ಮಾಡಿದವು.

ಕಾಯ್ದೆ ಕೊಟ್ಟ ಹಕ್ಕನ್ನು ಬಾಕ್ಸ್ ಕಿತ್ತುಕೊಳ್ಳುತ್ತಿದೆ, ಸಂಸತ್ತು ಬೇಡವೆನ್ನದ್ದನ್ನು ರಿಮೋಟ್ ಬೇಡವೆನ್ನುತ್ತಿದೆ. ಇದರ ಬಗ್ಗೆ ಮಾತಾಡಬೇಕಾದ ಪತ್ರಿಕೆಗಳ ತಂತ್ರಜ್ಞಾನದ ಅಂಕಣಗಳು ಯಾವ ಹೊಸ ಬಾಕ್ಸ್‌ನಲ್ಲಿ ಏನೇನಿದೆ ಎಂದು ಬರೆದು ಕೈತೊಳೆದುಕೊಳ್ಳುತ್ತವೆ.

ಕಂಪನಿಯ ರೆಕಾರ್ಡರ್ ಬಾಕ್ಸ್ ಬಿಟ್ಟು, ಸ್ವಂತ ರೆಕಾರ್ಡರ್ ಇಟ್ಟುಕೊಂಡವರೂ ಇದ್ದಾರೆ. ಡಿವಿಡಿಗೋ ಒಳಗಿನ ಹಾರ್ಡ್ ಡಿಸ್ಕಿಗೋ ಬರೆಯುವ ಯಂತ್ರಗಳು, ಗಲ್ಫಿನಿಂದ ತಂದವು, ಬೆಂಗಳೂರಿನಲ್ಲಿ ಕೊಂಡವು. ಇವುಗಳ ಒಳಗಿನ ಟ್ಯೂನರ್ ಹಳೆಯ ಆಂಟೆನಾ, ಹಳೆಯ ಕೇಬಲ್‌ನ ಕಾಲದ್ದು. ಕೇಬಲ್ ಡಿಜಿಟಲ್ ಆಗುವ ಕೊನೆಯ ಹಂತದ ಗಡುವು 2017ರ ಮಾರ್ಚ್‌ಗೆ ಮುಗಿಯಿತು, ದೂರದರ್ಶನದ ಹಳೆಯ ಟ್ರಾನ್ಸ್‌ಮಿಟರ್‌ಗಳೂ ಒಂದೊಂದಾಗಿ ಮುಚ್ಚಿದವು. ಹಾಗಾಗಿ ಆ ಟ್ಯೂನರ್‌ಗೆ ಹಿಡಿಯಲು ಏನೂ ಉಳಿದಿಲ್ಲ ಎಂಬುದು ಸರಿ. ಆದರೆ ಯಂತ್ರದ ಹಿಂಬದಿ ತಿರುಗಿಸಿ. ಹಳದಿ, ಬಿಳಿ, ಕೆಂಪು ಮೂರು ತೂತಿನ ಮೇಲೆ ಒಳಕ್ಕೆ ಎಂಬ ಗುರುತು ಇರುತ್ತದೆ. ಡಿಶ್‌ನ ಬಾಕ್ಸ್ ಹಿಂದೆಯೂ ಅದೇ ಮೂರು ಬಣ್ಣ, ಹೊರಕ್ಕೆ ಎಂಬ ಗುರುತಿನೊಂದಿಗೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮೂರೆಳೆ ವಯರಿನಿಂದ ಎರಡನ್ನೂ ಜೋಡಿಸಿದರೆ ರೆಕಾರ್ಡರ್‌ಗೆ ಡಿಶ್ ಯಾವ ಕಂಪನಿಯದು ಎಂಬುದೇ ಬೇಕಿಲ್ಲ. ನಾಳೆ ಕಂಪನಿ ಬದಲಾದರೆ ವಯರು ಕಿತ್ತು ಇನ್ನೊಂದು ಬಾಕ್ಸ್‌ಗೆ ಚುಚ್ಚಿದರೆ ಮುಗಿಯಿತು.

ತೊಡಕು ಇರುವುದು ಟೈಮರ್‌ನಲ್ಲಿ. ರೆಕಾರ್ಡರ್ ಏಳೂವರೆಗೆ ತಾನೇ ಎದ್ದು ಬರೆದುಕೊಳ್ಳುತ್ತದೆ, ಆದರೆ ಡಿಶ್ ಬಾಕ್ಸ್‌ನ ವಾಹಿನಿ ಬದಲಿಸುವ ಶಕ್ತಿ ಅದಕ್ಕಿಲ್ಲ. ಅಮೆರಿಕದಲ್ಲಿ 1999ರಲ್ಲಿ ಬಂದ ಟಿವೋ ಎಂಬ ರೆಕಾರ್ಡರ್ ಇದಕ್ಕೆಂದೇ ಒಂದು ಸಣ್ಣ ಇನ್‌ಫ್ರಾರೆಡ್ ದೀಪದ ವಯರು ಕೊಟ್ಟಿತ್ತು. ಬಾಕ್ಸ್ ಮುಂದೆ ಅದನ್ನು ಅಂಟಿಸಿದರೆ ರಿಮೋಟಿನ ಕೆಲಸವನ್ನು ಅದೇ ಮಾಡುತ್ತಿತ್ತು. ನಮ್ಮಲ್ಲಿ ಅದಿಲ್ಲದಿದ್ದರೂ ಬಹುತೇಕ ಬಾಕ್ಸ್‌ಗಳಲ್ಲಿ ರಿಮೈಂಡರ್ ಇದೆ. ಗೈಡ್‌ನಲ್ಲಿ ಕಾರ್ಯಕ್ರಮದ ಮೇಲೆ ಒತ್ತಿಟ್ಟರೆ ಹೊತ್ತಿಗೆ ಸರಿಯಾಗಿ ಆ ವಾಹಿನಿಗೆ ತಾನೇ ತಿರುಗುವ ಬಾಕ್ಸ್‌ಗಳು ಹಲವು. ಬಾಕ್ಸ್‌ನಲ್ಲಿ ರಿಮೈಂಡರ್, ರೆಕಾರ್ಡರ್‌ನಲ್ಲಿ ಐದು ನಿಮಿಷ ಮೊದಲಿನಿಂದ ಟೈಮರ್, ಇಷ್ಟು ಸಾಕು. ಬಾಕ್ಸನ್ನು ಸ್ಟ್ಯಾಂಡ್‌ಬೈಗೆ ಹಾಕದೆ ಹೋಗಬೇಕು, ಅಷ್ಟೇ. ಅಡಿಕೆ ಸುಲಿಯಲು ಹೋಗುವ ಮೊದಲು ಇದನ್ನು ಮಾಡಿಟ್ಟು ಹೋಗುವ ಹೆಣ್ಣುಮಗಳೊಬ್ಬಳು ನಮ್ಮ ಬೀದಿಯಲ್ಲೇ ಇದ್ದಾಳೆ. ಆಕೆಗೆ ಯಾವ ತಂತ್ರಜ್ಞನೂ ಕಲಿಸಿಲ್ಲ.

ಚಿತ್ರದ ಗುಣಮಟ್ಟ ಇಳಿಯುತ್ತದಲ್ಲ ಎಂದು ಮಕ್ಕಳು ಕೇಳುತ್ತಾರೆ. ಇಳಿಯುತ್ತದೆ. ಎಚ್‌ಡಿಯ 1080 ಗೆರೆಯ ಜಾಗದಲ್ಲಿ 576 ಗೆರೆ. ಎಚ್‌ಡಿಎಂಐ ವಯರಿನಿಂದ ರೆಕಾರ್ಡ್ ಮಾಡಲು ಹೋದರೆ ಅಲ್ಲೂ ಒಂದು ಗೂಢಲಿಪಿ ಅಡ್ಡ ನಿಲ್ಲುತ್ತದೆ. ಮೂರು ಬಣ್ಣದ ಹಳೇ ವಯರಿನಲ್ಲಿ ಅದಿಲ್ಲ. ಹೊಸ ಬಾಕ್ಸ್‌ಗಳಲ್ಲಿ ಆ ಮೂರು ತೂತು ಒಂದೊಂದಾಗಿ ಮಾಯವಾಗುತ್ತಿರುವುದು ಜಾಗ ಉಳಿಸಲಿಕ್ಕೆ ಮಾತ್ರ ಎಂದು ನಂಬಲು ನಾನು ತಯಾರಿಲ್ಲ. ಹಾರ್ಡ್ ಡಿಸ್ಕ್ ನಮ್ಮ ಕಡೆಯ ವೋಲ್ಟೇಜ್ ಏರಿಳಿತಕ್ಕೆ ಬೇಗ ಸಾಯುತ್ತದೆ ಎಂಬುದೂ ನಿಜ, ಸ್ಟೆಬಿಲೈಸರ್ ಇಲ್ಲದೆ ಇಡಬಾರದು. ಆದರೆ ಯಂತ್ರ ಕೆಟ್ಟು ಕಳೆದುಹೋಗುವುದು ಬೇರೆ, ಯಂತ್ರ ಚೆನ್ನಾಗಿರುವಾಗಲೇ ಯಾರೋ ಕುಳಿತಲ್ಲಿಂದ ಮುಚ್ಚಿಬಿಡುವುದು ಬೇರೆ. ಮೊದಲನೆಯದು ರಿಪೇರಿಯ ಮಾತು, ಎರಡನೆಯದು ನ್ಯಾಯದ ಮಾತು.

ಕರ್ನಾಟಕಕ್ಕೆ ಉಪಗ್ರಹ ಟಿವಿ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅಮೆರಿಕದ ಎಟಿಎಸ್–6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ನೋಡಿದವು. ತಂತಿಜಾಲರಿಯ ದೊಡ್ಡ ತಟ್ಟೆ, ಊರಿಗೊಂದು ಸೆಟ್ಟು. ದೇಶದ ಭೂಸ್ಥಿರ ಉಪಗ್ರಹಗಳನ್ನು ಕಾಯುವ ಮುಖ್ಯ ಕೇಂದ್ರ ಇರುವುದೂ ನಮ್ಮ ಹಾಸನದಲ್ಲೇ. ಇಷ್ಟು ಹಳೆಯ ನಂಟಿರುವ ನಾಡಿನಲ್ಲಿ, ಉಪಗ್ರಹದಿಂದ ಬಂದದ್ದನ್ನು ಇಟ್ಟುಕೊಳ್ಳುವ ಪ್ರಶ್ನೆ ಬಂದಾಗ ಮಾತ್ರ ನಾವು ತಲೆತಗ್ಗಿಸಿ ಗುಜರಿಯವನನ್ನು ಕರೆಯುತ್ತೇವೆ.

ಭಾರತೀಯ ಮಾನಕ ಬ್ಯೂರೋ ಒಳಗೇ ಸ್ಯಾಟಲೈಟ್ ಟ್ಯೂನರ್ ಇರುವ ಟಿವಿಗಳಿಗೆ ಐಎಸ್ 18112 ಎಂಬ ಮಾನದಂಡ ಹೊರಡಿಸಿದೆ. ಅಂಥ ಟಿವಿಗೆ ಡಿಶ್‌ನ ವಯರು ನೇರ ಚುಚ್ಚಿದರೆ ಫ್ರೀ ಡಿಶ್‌ನಂಥ ಮುಕ್ತ ವಾಹಿನಿಗಳಿಗೆ ಬಾಕ್ಸೇ ಬೇಡ. ಖಾಸಗಿ ಕಂಪನಿಗಳ ವಾಹಿನಿಗೂ ಇದೇ ಬಾಗಿಲು ತೆರೆಯಬೇಕೆಂದು ಗ್ರಾಹಕರು ಕೇಳಬೇಕಾದ ಹೊತ್ತು ಇದು. ಅದಕ್ಕಿಂತ ಚಿಕ್ಕದಾದ, ನಾಳೆಯೇ ಮಾಡಬಹುದಾದ ಒಂದು ನಿಯಮವನ್ನಾದರೂ ಟ್ರಾಯ್ ತರಲಿ: ರೀಚಾರ್ಜ್ ಇದ್ದಾಗ ರೆಕಾರ್ಡ್ ಮಾಡಿದ್ದು ರೀಚಾರ್ಜ್ ನಿಂತ ಮೇಲೂ ಅದೇ ಬಾಕ್ಸ್‌ನಲ್ಲಿ ತೆರೆಯಬೇಕು. ಇದಕ್ಕೆ ಹೊಸ ಉಪಗ್ರಹ ಬೇಡ, ಹೊಸ ಚಿಪ್ಪೂ ಬೇಡ, ಸಾಫ್ಟ್‌ವೇರ್‌ನಲ್ಲಿ ಒಂದು ಬದಲಾವಣೆ ಸಾಕು.

ಅದು ಬರುವವರೆಗೆ, ಕಂಪನಿ ಬದಲಿಸಬೇಕೆಂದಿರುವವರು ಪ್ಯಾಕ್ ಮುಗಿಯುವ ದಿನಕ್ಕೆ ಕಾಯಬಾರದು. ಬಾಕ್ಸ್‌ನಲ್ಲಿ ಉಳಿಸಬೇಕಾದದ್ದು ಎಷ್ಟು ಗಂಟೆ ಇದೆ ನೋಡಿಕೊಳ್ಳಿ. ಮೂರು ಬಣ್ಣದ ವಯರು ಹಾಕಿ ಅದನ್ನು ಓಡಿಸುತ್ತಾ ಹಳೇ ರೆಕಾರ್ಡರ್‌ಗೆ ತುಂಬಿಸಿ. ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದು ಗಂಟೆಯೇ ಹಿಡಿಯುತ್ತದೆ, ಬೇಗ ಮಾಡುವ ಉಪಾಯವಿಲ್ಲ. ಹಾಗಾಗಿ ಹತ್ತು ಹದಿನೈದು ದಿನ ಮೊದಲೇ ಶುರು ಮಾಡಿ. ಮನೆಯಲ್ಲಿ ರೆಕಾರ್ಡರ್ ಇಲ್ಲದಿದ್ದರೆ ಗುಜರಿ ಅಂಗಡಿಯಲ್ಲೇ ವಿಚಾರಿಸಿ. ಕೆಲಸ ಮಾಡುವ ಯಂತ್ರಗಳನ್ನೇ ಅಲ್ಲಿಗೆ ಕಳಿಸುತ್ತಿದ್ದೇವೆ.